ಹಳ್ಳದ ದಂಡೆಯ ಹನ್ನೆರಡನೇ ಬೋರ್ಡು

ಬೋರ್ಡು ಬರೆಯುವ ಕೆಲಸಕ್ಕೆ ಈಚೆಗೆ ಮತ್ತೆ ಹೊಸಬರು ಬರುತ್ತಿದ್ದಾರೆ. ಶಾಲೆಯ ಗೋಡೆ, ಪಂಚಾಯ್ತಿ ಕಾಂಪೌಂಡು, ನೀರಿನ ಟ್ಯಾಂಕು, ಎಲ್ಲದರ ಮೇಲೂ ಈಗ ಚಿತ್ರ ಬರೆಸುತ್ತಾರೆ. ಬರೆಯುವವರು ಚಿತ್ರಕಲೆ ಓದಿದವರು. ಮೊಬೈಲಿನಲ್ಲಿ ಚಿತ್ರ ನೋಡಿಕೊಂಡು ನನಗಿಂತ ಚೆನ್ನಾಗಿಯೇ ಬರೆಯುತ್ತಾರೆ. ಅವರಲ್ಲಿ ಕೆಲವರು ಮಧುಗಿರಿಯ ನನ್ನ ಮನೆಗೆ ಬಂದು "ಸಾರ್, ನಿಮ್ಮ ಕಾಲದ ಅನುಭವ ಹೇಳಿ" ಎಂದು ಕೇಳುವುದುಂಟು. ಕಾಫಿ ಕೊಟ್ಟು, ಒಂದೆರಡು ತಮಾಷೆಯ ಪ್ರಸಂಗ ಹೇಳಿ ಕಳಿಸುತ್ತಿದ್ದೆ. ನಿಜವಾಗಿ ಹೇಳಬೇಕಾದ ಒಂದನ್ನು ಮಾತ್ರ ಹೇಳುತ್ತಿರಲಿಲ್ಲ, ಬಾಯಿಬಿಟ್ಟು ಹೇಳಲು ನಾಚಿಕೆ. ಬರೆಯುವಾಗ ಎದುರಿಗೆ ಯಾರ ಮುಖವೂ ಇರುವುದಿಲ್ಲವಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇದರಲ್ಲಿ ಬರುವ ಊರಿನ ಹೆಸರನ್ನೂ ಹಳ್ಳದ ಹೆಸರನ್ನೂ ಬೇಕೆಂದೇ ಬಿಟ್ಟಿದ್ದೇನೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಈ ನಾಲ್ಕು ತಾಲ್ಲೂಕಿನೊಳಗೆ ಎಲ್ಲೋ ಒಂದು ಕಡೆ ಎಂದುಕೊಳ್ಳಿ. ಜನರ ಹೆಸರನ್ನೂ ಬದಲಿಸಿದ್ದೇನೆ. ನನ್ನ ಮರ್ಯಾದೆ ಉಳಿಸಿಕೊಳ್ಳಲು ಹೀಗೆ ಮಾಡಿದೆ ಎಂದು ತಿಳಿಯಬೇಡಿ. ಅದು ಉಳಿಯುವಂತಿದ್ದರೆ ಇದನ್ನು ಬರೆಯುತ್ತಲೇ ಇರಲಿಲ್ಲ.

ನಾನು ಕೆಲಸ ಕಲಿತದ್ದು ಶಿರಾದಲ್ಲಿ, ರಹಮತ್ ಸಾಬರ ಹತ್ತಿರ. ಎಲ್ಲರೂ ಅವರನ್ನು ಉಸ್ತಾದ್ ಎಂದೇ ಕರೆಯುತ್ತಿದ್ದರು. ಮೊದಲ ವರ್ಷವೆಲ್ಲ ಅವರು ನನ್ನ ಕೈಗೆ ಬಣ್ಣ ಕೊಡಲಿಲ್ಲ. ಸೀಮೆಎಣ್ಣೆಯಲ್ಲಿ ಬ್ರಷ್ ತೊಳೆಯುವುದು, ತಗಡಿನ ತುಕ್ಕು ಉಜ್ಜುವುದು, ದಾರಕ್ಕೆ ಸೀಮೆಸುಣ್ಣದ ಪುಡಿ ಸವರಿ ಎರಡು ಕಡೆ ಎಳೆದು ಹಿಡಿದು ಮಧ್ಯಕ್ಕೆ ಮೀಟಿ ಗೆರೆ ಮೂಡಿಸುವುದು, ಇಷ್ಟೇ ಕೆಲಸ. ಎರಡನೇ ವರ್ಷ ಅಕ್ಷರದೊಳಗೆ ಬಣ್ಣ ತುಂಬಲು ಬಿಟ್ಟರು. ಮೂರನೇ ವರ್ಷ ಕಲಿಸಿದ್ದು ಬಾಣದ ಗುರುತು.

ನಗಬೇಡಿ, ಬಾಣ ಬರೆಯುವುದು ಕಷ್ಟ. ಬಾಲ ದಪ್ಪವಾದರೆ ಪೊರಕೆಯ ಹಾಗೆ ಕಾಣುತ್ತದೆ, ತಲೆ ದಪ್ಪವಾದರೆ ಹಾವಿನ ಹೆಡೆ. "ಬೇಟಾ, ಅಕ್ಷರ ಓದೋಕೆ ಸ್ಕೂಲ್ ಬೇಕು. ಬಾಣ ಓದೋಕೆ ಕಣ್ಣು ಸಾಕು. ಕಲೆಕ್ಟರೂ ಓದ್ತಾರೆ, ಎಮ್ಮೆ ಮೇಯ್ಸೋನೂ ಓದ್ತಾನೆ" ಎನ್ನುತ್ತಿದ್ದರು ಉಸ್ತಾದ್. ಬಾಣವಿಲ್ಲದ ಬೋರ್ಡು ಅವರ ಪ್ರಕಾರ ಉಪ್ಪಿಲ್ಲದ ಸಾರು. ಆ ಮಾತನ್ನು ನಾನು ನಲವತ್ತು ವರ್ಷ ಮೀರಲಿಲ್ಲ. ಬೇಕಿರಲಿ ಬೇಡದಿರಲಿ, ಬೋರ್ಡಿನ ಕೆಳಗೆ ಬಲಗಡೆ ಒಂದು ಬಾಣ ಎಳೆದರೇ ನನಗೆ ಕೆಲಸ ಮುಗಿದ ಸಮಾಧಾನ.

ಬಾಣಕ್ಕೆ ಎಷ್ಟು ಬಲವಿದೆ ಎಂಬುದು ತಿಳಿದದ್ದು ವೈ.ಎನ್. ಹೊಸಕೋಟೆಯಲ್ಲಿ. ಒಬ್ಬ ಬೀಜದ ಅಂಗಡಿಯವರು ದೊಡ್ಡದೊಂದು ಬೋರ್ಡು ಬರೆಸಿದರು. ಅಂಗಡಿ ಇದ್ದದ್ದು ಸಂದಿಯೊಳಗೆ, ಬೋರ್ಡು ನಿಲ್ಲಿಸುವುದು ರಸ್ತೆಯಲ್ಲಿ. ನಾನು ಜಾಗ ನೋಡಲು ಹೋಗದೆ ಮಧುಗಿರಿಯಲ್ಲೇ ಕೂತು ಬಾಣವನ್ನು ಬಲಕ್ಕೆ ಬರೆದುಕೊಟ್ಟೆ. ಅವರು ಅದನ್ನು ರಸ್ತೆಯ ಆಚೆ ಬದಿಗೆ ನಿಲ್ಲಿಸಿದರು. ಅದು ಬಿತ್ತನೆಯ ಕಾಲ. ಕಡಲೆಕಾಯಿ ಬೀಜಕ್ಕೆ ಬಂದ ರೈತರೆಲ್ಲ ಬಾಣ ಹಿಡಿದು ನಡೆದು, ಎದುರು ಸಾಲಿನ ಇನ್ನೊಬ್ಬರ ಅಂಗಡಿಗೆ ಹೋಗಿ ಬೀಜ ಕೊಂಡರು. ಹತ್ತು ದಿನದ ಮೇಲೆ ಅಂಗಡಿಯವರು ನನ್ನನ್ನು ಕರೆಸಿ ಬೋರ್ಡಿನ ಮುಂದೆ ನಿಲ್ಲಿಸಿದರು.

"ಏಮಪ್ಪಾ ಆರ್ಟಿಸ್ಟೂ, ನೀ ಬಾಣಂ ಎಕ್ಕಡಿಕಿ ಪೋತಾ ಉಂದಿ? ನನ್ನಂಗಡಿಗಾ, ನನ್ನ ಶತ್ರು ಅಂಗಡಿಗಾ?" ಎಂದರು. ಅರ್ಧ ತೆಲುಗು, ಅರ್ಧ ಕನ್ನಡ, ಪೂರ್ತಿ ಸಿಟ್ಟು.

ಅಲ್ಲೇ ನಿಂತು ಹಳೆಯ ಬಾಣದ ಮೇಲೆ ನೆಲದ ಬಣ್ಣ, ಅಂದರೆ ಬೋರ್ಡಿನ ಹಿನ್ನೆಲೆಯ ಬಣ್ಣ ಬಳಿದು, ಒಣಗಿಸಿ, ಎಡಕ್ಕೆ ತಿರುಗಿಸಿ ಬರೆದೆ. ತಿದ್ದಿದ್ದು ಗೊತ್ತೇ ಆಗದ ಹಾಗೆ ಬರೆದೆ. ಈ ಕಥೆ ಹೇಳಿ ನಾನು ಎಷ್ಟೋ ಜನರನ್ನು ನಗಿಸಿದ್ದೇನೆ. ಜನ ಬಾಣವನ್ನು ಎಷ್ಟು ನಂಬುತ್ತಾರೆ ಎಂಬ ಪಾಠ ಅದರೊಳಗಿತ್ತು. ನಾನು ನಕ್ಕೆನೇ ಹೊರತು ಪಾಠ ಕಲಿಯಲಿಲ್ಲ.

ಆಮೇಲೆ ಫ್ಲೆಕ್ಸ್ ಬಂತು. ಬೆಳಿಗ್ಗೆ ಹೇಳಿದರೆ ಮಧ್ಯಾಹ್ನ ರೆಡಿ, ಅದರಲ್ಲಿ ಬರೆಸಿದವರ ಫೋಟೋ ಬೇರೆ. ನಮ್ಮ ಪಾಲಿಗೆ ಉಳಿದದ್ದು ಗೋಡೆಯ ಮೇಲಿನ ಸಿಮೆಂಟು ಜಾಹೀರಾತು, ಟ್ರ್ಯಾಕ್ಟರಿನ ಹಿಂದೆ ಮನೆದೇವರ ಹೆಸರು. ಕಳ್ಳಂಬೆಳ್ಳದ ಕಡೆ ಒಂದು ಗೋಡೆಗೆ ಸುಣ್ಣ ಬಳಿದು ಗೆರೆ ಹಾಕಿ, ಮರುದಿನ ಬರೆಯಲು ಹೋದರೆ ಅದೇ ಗೋಡೆಗೆ ಫ್ಲೆಕ್ಸ್ ಹೊಡೆದಿದ್ದರು. ಸ್ವಲ್ಪ ಕಾಲಕ್ಕೆ ಟ್ರ್ಯಾಕ್ಟರಿಗೂ ಸ್ಟಿಕ್ಕರ್ ಅಂಟಿಸತೊಡಗಿದರು. ಬ್ರಷ್ಷುಗಳನ್ನು ಎಣ್ಣೆ ಹಚ್ಚಿ ಡಬ್ಬದಲ್ಲಿಟ್ಟು ಮನೆಯಲ್ಲಿ ಕೂತಿದ್ದೆ.

ಅಂಥ ಹೊತ್ತಿನಲ್ಲಿ ಕೆರೆಗಳೆಲ್ಲ ಕೋಡಿ ಬಿದ್ದ ಒಂದು ವರ್ಷ ಬಂತು. ಹತ್ತಾರು ವರ್ಷ ಮರಳು ಮಾತ್ರ ಕಂಡಿದ್ದ ಆ ಹಳ್ಳ ಸಂಕ್ರಾಂತಿ ಹತ್ತಿರವಾದರೂ ಹರಿಯುತ್ತಲೇ ಇತ್ತು. ನೀರಿನ ಜೊತೆ ಹಕ್ಕಿಗಳೂ ಬಂದವು. ಊರಿನ ಕೆಲವರು ಸಮಿತಿ ಮಾಡಿಕೊಂಡು, ಅರಣ್ಯದ ಒಬ್ಬ ಸಾಹೇಬರ ಬೆಂಬಲದಿಂದ, ಹಳ್ಳದ ದಂಡೆಯ ಮೇಲೆ ಒಂದು ಮೈಲಿ ಉದ್ದದ ಕಾಲುದಾರಿ ಮಾಡಿದರು. ಶಾಲೆಯ ಮಕ್ಕಳು, ಪೇಟೆಯವರು ಬಂದು ನಡೆದುಕೊಂಡು ಹಕ್ಕಿ ನೋಡಲಿ ಎಂದು. ದಾರಿಯುದ್ದಕ್ಕೂ ಹನ್ನೆರಡು ತಗಡಿನ ಬೋರ್ಡು, ಒಂದೊಂದರಲ್ಲಿ ಒಂದು ಹಕ್ಕಿಯ ಚಿತ್ರ, ಹೆಸರು. ಸಾಹೇಬರು ನನ್ನನ್ನು ಕರೆಸಿ, "ಫ್ಲೆಕ್ಸ್ ಗಾಳಿಗೆ ಹರಿದು ಹಳ್ಳಕ್ಕೆ ಬೀಳುತ್ತೆ. ಕೈಯಲ್ಲೇ ಬರೀರಿ" ಎಂದರು. ಮನೆಗೆ ಬಂದು ಹೆಂಡತಿಗೆ ಹೇಳಿ, ಡಬ್ಬದಿಂದ ಬ್ರಷ್ಷುಗಳನ್ನು ಹೊರಗೆ ತೆಗೆದೆ.

ನನಗೆ ಹಕ್ಕಿ ಎಂದರೆ ಕಾಗೆ, ಗುಬ್ಬಿ, ಗಿಳಿ. ಹಳೆಯ ಕ್ಯಾಲೆಂಡರಿನಲ್ಲಿದ್ದ ಒಂದು ಮಿಂಚುಳ್ಳಿಯನ್ನು ನೋಡಿ ಮೊದಲ ಬೋರ್ಡು ಬರೆಯುತ್ತಾ ದಂಡೆಯ ಮೇಲೆ ಕೂತಿದ್ದೆ. ಹಿಂದೆ ಯಾರೋ ನಿಂತು ಕಿಸಕ್ಕನೆ ನಕ್ಕರು.

"ಈ ಹಕ್ಕಿ ಯಾವೂರ್ದಣ್ಣ?"

ತಿರುಗಿ ನೋಡಿದರೆ ಟವೆಲ್ ಸುತ್ತಿಕೊಂಡ, ಐವತ್ತೈದು ದಾಟಿದ ಮನುಷ್ಯ. ಹೆಸರು ಮೂಡ್ಲಗಿರಿಯಪ್ಪ. ಅವನ ಹೊಲ ಹಳ್ಳಕ್ಕೆ ಅಂಟಿಕೊಂಡಿತ್ತು. ಅವನ ಮನೆತನದವರು ಊರ ಪಕ್ಕದ ಹಳೆಯ ಕೋಟೆಯ ಬೆಟ್ಟದ ಬುಡದಲ್ಲಿ ಎಷ್ಟೋ ತಲೆಮಾರಿನಿಂದ ಇದ್ದವರು. ಅವನಿಗೆ ಓದು ಬರಹ ಬಾರದು. ಆದರೆ ಆ ಒಂದು ಮೈಲಿಯಲ್ಲಿ ಯಾವ ಹಕ್ಕಿ ಯಾವ ಕೊಂಬೆಯ ಮೇಲೆ ಎಷ್ಟು ಹೊತ್ತಿಗೆ ಬಂದು ಕೂರುತ್ತದೆ ಎಂಬುದು ಅವನಿಗೆ ಬಾಯಿಪಾಠ.

"ನಮ್ಮ ಮಿಂಚುಳ್ಳಿಗೆ ಎದೆ ಬೆಳ್ಳಗೈತೆ, ಹೊಟ್ಟೆ ಇಟ್ಟಿಗೆ ಬಣ್ಣ. ನೀನು ಬರ್ದಿರೋದು ಯಾರದೋ ದೇಶದ್ದು. ಬಾ, ತೋರಿಸ್ತೀನಿ," ಎಂದು ಎಬ್ಬಿಸಿಕೊಂಡು ಹೋದ.

ಎಂಟು ದಿನ ಅವನ ಹಿಂದೆ ನಡೆದೆ. ಕಟ್ಟೆಯ ಹತ್ತಿರ ನೀರುಕಾಗೆ ರೆಕ್ಕೆ ಹರವಿ ಬಟ್ಟೆ ಒಣಗಿಸಿದ ಹಾಗೆ ಕೂತಿರುತ್ತಿತ್ತು. ಅದಕ್ಕಿಂತ ಸ್ವಲ್ಪ ಮೇಲೆ ಕಪ್ಪುಬಿಳಿ ಮಿಂಚುಳ್ಳಿ ಗಾಳಿಯಲ್ಲಿ ನಿಂತಲ್ಲೇ ನಿಂತು, ದಬಕ್ಕನೆ ನೀರಿಗೆ ಬೀಳುತ್ತಿತ್ತು. ನೀರಿನ ಮೇಲೆ ಬಾಗಿದ ಜಾಲಿಯಲ್ಲಿ ಗೀಜಗನ ಹಳೆಯ ಗೂಡುಗಳು. ಮರಳಿನ ದಿಬ್ಬದಲ್ಲಿ ಟಿಟ್ಟಿಭ, ನಾವು ಹತ್ತಿರ ಹೋದರೆ ಊರಿಗೆಲ್ಲ ಕೇಳುವಂತೆ ಬೈಯುತ್ತಿತ್ತು. ಮಣ್ಣಿನ ದರೆಯ ತೂತುಗಳ ಮುಂದೆ ಹಸಿರು ಕಳ್ಳಿಪೀರ, ಹೊಂಗೆಯ ಕೆಳಗೆ ಚಂದ್ರಮುಕುಟ, ಬೇಲಿಯೊಳಗೆ ಕೆಂಬೂತ. ಅಷ್ಟು ವರ್ಷ ಇದೇ ಸೀಮೆಯಲ್ಲಿ ಸೈಕಲ್ ತುಳಿದವನು ಇದೊಂದನ್ನೂ ನೋಡಿರಲಿಲ್ಲ.

"ಹಕ್ಕಿ ನೋಡ್ಬೇಕು ಅಂದ್ರೆ ಅದ್ರ ಕಡೆ ನಡೀಬೇಡಣ್ಣ. ಎಲ್ಲೋ ಹೊಂಟೋನಂಗೆ ಪಕ್ಕಕ್ಕೆ ನಡಿ. ನೆಟ್ಟಗೆ ನೋಡಿದ್ರೆ ಅದಕ್ಕೆ ಗೊತ್ತಾಗೋಯ್ತದೆ," ಎನ್ನುತ್ತಿದ್ದ. ಅವನು ಹೇಳಿದ ಹಾಗೆ ನಡೆದಾಗಲೇ ನನಗೆ ಹಕ್ಕಿ ಕಂಡದ್ದು.

ಒಂದು ಬೋರ್ಡಿಗೆ ಅವನು ಹೇಳಿದ ಹೆಸರನ್ನೇ ಬರೆದೆ, ಕುಂಡೆಕುಸ್ಕ. ಕಲ್ಲಿನ ಮೇಲೆ ಕೂತು ಸದಾ ಬಾಲ ಕುಣಿಸುವ ಹಕ್ಕಿ ಅದು. ಸಾಹೇಬರು ನೋಡಿ ಕೆಂಪಾದರು. "ಏನ್ರೀ ಇದು, ಹೆಣ್ಣುಮಕ್ಕಳು ಓದೋ ಬೋರ್ಡು. ಸಿಪಿಲೆ ಅಂತ ಬರೀರಿ" ಎಂದರು. ಸಾಹೇಬರು ಅತ್ತ ಹೋದ ಮೇಲೆ ಮೂಡ್ಲಗಿರಿಯಪ್ಪ, "ಕುಣಿಸೋದು ಹಕ್ಕಿ, ನಾಚ್ಕೆ ಇವ್ರಿಗಾ?" ಎಂದ. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು.

ಸಾಹೇಬರು ಕೆಟ್ಟವರಲ್ಲ. ಬೋರ್ಡುಗಳು ಸರಿಯಾಗಿ ಬರುತ್ತಿರುವುದು ಯಾರಿಂದ ಎಂಬುದು ಅವರಿಗೆ ಗೊತ್ತಾಗಿತ್ತು. "ದಾರಿ ಶುರುವಾದ ಮೇಲೆ ಇದಕ್ಕೆ ನೀನೇ ವಾಚರ್ ಕಣಪ್ಪ" ಎಂದು ಅವನಿಗೆ ಹೇಳಿದರು. ಆ ಮಾತು ಕೇಳಿದ ವಾರದಲ್ಲೇ ಮೂಡ್ಲಗಿರಿಯಪ್ಪ ಕೊರಟಗೆರೆಗೆ ಹೋಗಿ ಒಂದು ಖಾಕಿ ಶರ್ಟು ಹೊಲಿಸಿಕೊಂಡು ಬಂದ. ಅವನ ಹೆಂಡತಿ ಕೆಂಪಮ್ಮ, "ಹಕ್ಕಿ ಕಾಯಕ್ಕೆ ಖಾಕಿ ಬ್ಯಾರೆ ಕೇಡು" ಎಂದು ಆಡಿಕೊಂಡಳು. ಅವನು ಶರ್ಟನ್ನು ಮಡಿಸಿ ದೇವರ ಗೂಡಿನ ಪಕ್ಕ ಇಟ್ಟ. ಸಂಬಳಕ್ಕಿಂತ ಹೆಚ್ಚಾಗಿ ಅವನಿಗೆ ಬೇಕಿದ್ದದ್ದು ಅದು. ತನಗೆ ಗೊತ್ತಿರುವುದು ದೊಡ್ಡ ವಿಷಯ ಎಂದು ಅವನಿಗೆ ಮೊದಲ ಸಲ ಯಾರೋ ಹೇಳಿದ್ದರು.

ಒಂದು ದಿನ ಅವನ ಮನೆಯಲ್ಲೇ ಊಟ. ಮುದ್ದೆ, ಅವರೆಕಾಳಿನ ಸಾರು. ಊಟವಾದ ಮೇಲೆ, "ಬಾ, ಒಂದು ತೋರಿಸ್ತೀನಿ" ಎಂದು ಹಳ್ಳ ದಾಟಿಸಿ ಕರೆದುಕೊಂಡು ಹೋದ. ಎದುರಿನ ದೊಡ್ಡ ಬಂಡೆಯ ಪಕ್ಕ ಒಂದು ಪೊದೆ. ಅದರೊಳಗೆ ನನ್ನನ್ನು ಕೂರಿಸಿ ಮೇಲೆ ನೋಡಲು ಹೇಳಿದ. ಬಂಡೆಯ ಸಂದಿಯಲ್ಲಿ ಮೊದಲು ಕಲ್ಲೇ ಕಂಡಿತು. ಆಮೇಲೆ ಕಲ್ಲಿಗೆ ಎರಡು ಕೊಂಬು ಕಂಡವು. ಆಮೇಲೆ ಆ ಕಲ್ಲು ಕಣ್ಣು ಬಿಟ್ಟಿತು. ಕಿತ್ತಳೆ ಬಣ್ಣದ, ಬೆಂಕಿಯಂಥ ಕಣ್ಣು. ಕೊಂಬಿನ ಗೂಬೆ. ಅವನು ಗುಮ್ಮ ಎನ್ನುತ್ತಿದ್ದ. ಅದರ ಕಾಲ ಬಳಿ ಹತ್ತಿಯ ಉಂಡೆಯಂಥ ಎರಡು ಮರಿಗಳು.

ಹಿಂದಕ್ಕೆ ಬರುವಾಗ ಅವನು ನನ್ನ ತೋಳು ಹಿಡಿದುಕೊಂಡು ಹೇಳಿದ. "ನಮ್ಮಪ್ಪ ನಂಗೆ ತೋರಿಸಿದ್ದು ಈ ಜಾಗ. ನಾನು ಕೆಂಪಿ ಬುಟ್ರೆ ಯಾರ್ಗೂ ತೋರ್ಸಿಲ್ಲ. ಕೋಟೆ ಸುತ್ತ ನಿಧಿ ತೆಗೆಯೋ ಹುಚ್ಚರು ಅವ್ರೆ ಕಣಣ್ಣ. ಅಮಾಸೆಗೆ ಗೂಬೆ ಬಲಿ ಕೊಡ್ಬೇಕು ಅಂತಾರೆ. ಚಿತ್ರ ಬರ್ಕೊ, ಬ್ಯಾಡ ಅನ್ನಲ್ಲ, ಗೂಬೆ ಎಲ್ಲಾ ಊರಾಗೂ ಅವೆ. ಜಾಗ ಮಾತ್ರ ಯಾರ್ಗೂ ಯೋಳ್ಬೇಡ."

"ಛೇ, ಹೇಳ್ತೀನಾ?" ಎಂದೆ.

ಹನ್ನೆರಡನೇ ಬೋರ್ಡಿಗೆ ಆ ಗೂಬೆಯನ್ನೇ ಬರೆದೆ. ಮೂರು ದಿನ ಹಿಡಿಯಿತು. ಕ್ಯಾಲೆಂಡರ್ ಇಲ್ಲ, ಪುಸ್ತಕ ಇಲ್ಲ, ಕಂಡದ್ದನ್ನು ನೆನಪಿನಿಂದ ಬರೆದೆ. ನನ್ನ ಜೀವಮಾನದಲ್ಲಿ ಅಂಥ ಕೆಲಸ ಅದಕ್ಕೆ ಮೊದಲೂ ಮಾಡಿರಲಿಲ್ಲ, ಆಮೇಲೂ ಮಾಡಲಿಲ್ಲ. ಬೋರ್ಡು ನಿಲ್ಲಿಸಿದ ಜಾಗ ಆ ಬಂಡೆಗೆ ಸರಿಯಾಗಿ ಎದುರು. ಮಿಕ್ಕ ಹನ್ನೊಂದು ಬೋರ್ಡಿನಲ್ಲೂ ಕೆಳಗೆ ಬಲಗಡೆ ಬಾಣ ಇತ್ತು, ಮುಂದಿನ ದಾರಿ ತೋರಿಸಲು. ಈ ಬೋರ್ಡಿಗೂ ಬಾಣ ಬರೆದೆ. ದಾರಿಯ ಕಡೆಗಲ್ಲ, ಓರೆಯಾಗಿ ಮೇಲಕ್ಕೆ, ಬಂಡೆಯ ಸಂದಿಯ ಕಡೆಗೆ.

ಯಾಕೆ ಬರೆದೆ ಎಂದು ಎಷ್ಟೋ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ಕೈ ತಾನಾಗಿ ಹೋಯಿತು ಎಂದು ಬಹಳ ದಿನ ಸಮಾಧಾನ ಹೇಳಿಕೊಂಡೆ. ಅದು ಸುಳ್ಳು. ನೋಡಿದವರು ತಲೆಯೆತ್ತಿ ನಿಜವಾದ ಗೂಬೆಯನ್ನು ಕಂಡು, ಮತ್ತೆ ನನ್ನ ಚಿತ್ರ ನೋಡಿ, "ಅಬ್ಬಾ, ಹಾಗೇ ಬರೆದಿದ್ದಾನಲ್ಲ" ಎನ್ನಲಿ ಎಂಬ ಆಸೆ. ನವಿಲು ಕುಣಿಯಿತು ಅಂತ ಕೆಂಬೂತ ಪುಕ್ಕ ಕೆದರಿತಂತೆ. ಫ್ಲೆಕ್ಸಿನ ಕಾಲದಲ್ಲಿ ಮೂಲೆಗೆ ಬಿದ್ದಿದ್ದವನಿಗೆ ಒಂದು ಶಭಾಷ್ ಬೇಕಿತ್ತು.

ಸಂಕ್ರಾಂತಿ ಕಳೆದು ದಾರಿ ಉದ್ಘಾಟನೆಯಾಯಿತು. ಸಾಹೇಬರು ಹನ್ನೆರಡನೇ ಬೋರ್ಡಿನ ಮುಂದೆ ನಿಂತು ನನ್ನ ಕೈ ಕುಲುಕಿದರು. ಬಂದವರೆಲ್ಲ ಫೋನಿನಲ್ಲಿ ಗೂಬೆಯ ಮುಖವನ್ನಷ್ಟೇ ಹತ್ತಿರದಿಂದ ಹಿಡಿದುಕೊಂಡರು. ಜನ ಮುಂದೆ ಹೋದ ಮೇಲೆ ಮೂಡ್ಲಗಿರಿಯಪ್ಪ ಬೋರ್ಡಿನ ಹತ್ತಿರ ಬಂದ. ಅವತ್ತು ಖಾಕಿ ಶರ್ಟು ಹಾಕಿದ್ದ.

"ಅಣ್ಣ, ಬ್ಯಾರೆ ಬಾಣ ಎಲ್ಲ ದಾರಿ ಕಡೆ ಅವೆ. ಇದ್ಯಾಕೆ ಬಂಡೆ ಕಡೆ ನೋಡ್ತೈತೆ?"

"ಅದು ಡಿಸೈನು ಕಣಯ್ಯ," ಎಂದೆ. "ಅಲ್ಲಿ ಜಾಗ ಖಾಲಿ ಇತ್ತು."

ಅವನು ಬೋರ್ಡನ್ನೂ ಬಂಡೆಯನ್ನೂ ಎರಡು ಸಲ ನೋಡಿದ. "ಡಿಸೈನೇ ಇರ್ಲಿ, ಅಳಿಸ್ಬುಡಣ್ಣ," ಎಂದ.

"ಅಳಿಸ್ತೀನಿ. ಇವತ್ತು ಬಣ್ಣ ತಂದಿಲ್ಲ, ಮುಂದಿನ ವಾರ ಬರ್ತೀನಿ."

ಮುಂದಿನ ವಾರ ಶಿರಾದಲ್ಲಿ ಒಂದು ಶಾಲೆಯ ಗೋಡೆ ಕೆಲಸ ಬಂತು. ಹನ್ನೆರಡನೇ ಬೋರ್ಡಿನ ಫೋಟೋ ನೋಡಿಯೇ ಅವರು ಕರೆದದ್ದು. ಅದರ ಮುಂದಿನ ವಾರ ಇನ್ನೊಂದು ಗೋಡೆ. ಮೂಡ್ಲಗಿರಿಯಪ್ಪ ಎರಡು ಸಲ ಫೋನು ಮಾಡಿಸಿದ. ಎರಡು ಸಲವೂ "ಬಂದೆ, ಬಂದೆ" ಎಂದೆ. ಐದು ನಿಮಿಷದ ಕೆಲಸ ಅದು. ನಾನು ಹೋಗಲಿಲ್ಲ.

ಶಿವರಾತ್ರಿ ಅಮಾವಾಸ್ಯೆಗೆ ಎರಡು ದಿನವಿರುವಾಗ ಬೆಳಿಗ್ಗೆ ಕೆಂಪಮ್ಮನ ಫೋನಿನಿಂದ ಅವನೇ ಮಾತಾಡಿದ. "ಅಣ್ಣ, ಹೋದ್ವು ಕಣಣ್ಣ. ತಾಯಿ, ಮರಿ ಎರಡೂ ಇಲ್ಲ. ಬಂಡೆ ಮ್ಯಾಲೆ ಬಲೆ ತುಂಡು ಬಿದ್ದೈತೆ." "ನಾನು ಸಾಹೇಬ್ರ ಆಫೀಸಿಗೆ ಹೋಗಿ ಯೋಳ್ತೀನಿ," ಎಂದು ಫೋನಿಟ್ಟ.

ಅವನು ದೂರು ಹೇಳಲು ಬಸ್ಸು ಹತ್ತಿದ ಹೊತ್ತಿಗೆ ನಾನು ಬಣ್ಣದ ಡಬ್ಬ ಮೊಪೆಡ್ಡಿಗೆ ಕಟ್ಟಿಕೊಂಡು ಹಳ್ಳದ ಕಡೆ ಹೊರಟಿದ್ದೆ. ದಾರಿಯಲ್ಲಿ ಯಾರೂ ಇರಲಿಲ್ಲ. ಹಳೆಯ ಬಾಣದ ಮೇಲೆ ನೆಲದ ಹಸಿರು ಬಣ್ಣ ಬಳಿದೆ. ಬಿಸಿಲಿಗೆ ಸ್ವಲ್ಪ ಒಣಗಿದ ಮೇಲೆ ಇನ್ನೊಂದು ಬಾಣ ಬರೆದೆ, ಮಿಕ್ಕ ಬೋರ್ಡುಗಳಲ್ಲಿ ಇರುವ ಹಾಗೆ ದಾರಿಯ ಕಡೆಗೆ. ಗೂಬೆ ಹುಡುಕಿಕೊಂಡು ಬಂದವನಲ್ಲದೆ ಬೇರೆ ಯಾರೂ ಮೊದಲಿನ ಬಾಣವನ್ನು ಗಮನಿಸಿರಲಾರರು ಎಂದು ನನಗೆ ಗೊತ್ತಿತ್ತು. ಹಿಂದೆ ಸರಿದು ನಿಂತು ನೋಡಿದೆ. ತಿದ್ದಿದ್ದು ಒಂದಿಷ್ಟೂ ಕಾಣುತ್ತಿರಲಿಲ್ಲ. ಆ ಸ್ಥಿತಿಯಲ್ಲೂ, ದೇವರಾಣೆ, ಕೈ ಇನ್ನೂ ಚೆನ್ನಾಗಿದೆ ಎಂದು ನನಗೆ ಒಳಗೊಳಗೆ ಅನ್ನಿಸಿತು. ಅದನ್ನು ನೆನೆದರೆ ಈಗಲೂ ಮೈ ಸುಡುತ್ತದೆ.

ಊರಿನಲ್ಲಿ ಆಗಲೇ ಮಾತು ಹುಟ್ಟಿತ್ತು. ಆ ಜಾಗ ಗೊತ್ತಿದ್ದದ್ದು ಮೂಡ್ಲಗಿರಿಯಪ್ಪನಿಗೆ ಮಾತ್ರ. ಅವನೇ ಮಾರಿದ್ದಾನೆ, ಈಗ ತಾನೇ ದೂರು ಕೊಟ್ಟು ನಾಟಕ ಮಾಡುತ್ತಿದ್ದಾನೆ ಎಂದರು. ಸಾಹೇಬರಿಗೂ ಬೇರೆ ದಾರಿ ಕಾಣಲಿಲ್ಲ. ಮೂರು ದಿನ ಅವನನ್ನು ಬೆಳಗಿನಿಂದ ಸಂಜೆಯವರೆಗೆ ಆಫೀಸಿನ ಹೊರಗೆ ಬೆಂಚಿನ ಮೇಲೆ ಕೂರಿಸಿ, ಕರೆದು ಕರೆದು ಕೇಳಿದರು. ಮೂರನೇ ದಿನ ನನ್ನನ್ನೂ ಕರೆಸಿದರು. ನಾನು ಒಳಗೆ ಹೋಗುವಾಗ ಅವನು ಬೆಂಚಿನ ಮೇಲಿದ್ದ. ಬಾಗಿಲು ತೆರೆದೇ ಇತ್ತು.

"ನೀವು ಅವನ ಜೊತೆ ಬಹಳ ಓಡಾಡಿದ್ರಿ. ಆ ಗೂಡು ನಿಮಗೆ ತೋರಿಸಿದ್ನಾ?" ಎಂದು ಸಾಹೇಬರು ಕೇಳಿದರು.

ತೋರಿಸಿದ್ದ ಎಂದರೆ ಮುಂದಿನ ಪ್ರಶ್ನೆ ಬಾಣದ್ದು. ಆಮೇಲೆ ಯಾರೂ ನನ್ನಿಂದ ಗೋಡೆ ಬರೆಸುವುದಿಲ್ಲ. ಇಷ್ಟನ್ನು ನಾನು ಒಂದು ಉಸಿರಿನಲ್ಲಿ ಯೋಚಿಸಿದೆ.

"ಇಲ್ಲ ಸಾರ್," ಎಂದೆ. "ನಾನು ಗೂಬೆ ಬರೆದಿದ್ದು ಪುಸ್ತಕ ನೋಡಿ."

ಹೊರಗೆ ಬಂದಾಗ ಅವನು ನನ್ನ ಮುಖ ನೋಡಿದ. "ಊಟ ಆಯ್ತಾ?" ಎಂದು ಕೇಳಿ ಮೊಪೆಡ್ ಹತ್ತಿದೆ.

ಸಾಕ್ಷಿ ಸಿಗಲಿಲ್ಲ, ಅವನನ್ನು ಬಿಟ್ಟು ಕಳಿಸಿದರು. ವಾಚರ್ ಕೆಲಸ ಮಾತ್ರ ಹೋಯಿತು. ಅವನಿಗೆ ಊರಿನಲ್ಲಿ ಗೂಬೆ ಮೂಡ್ಲಪ್ಪ ಎಂದು ಹೆಸರು ಬಿತ್ತು. ಮುಂದಿನ ವರ್ಷ ಮಳೆ ಕೈಕೊಟ್ಟು ಹಳ್ಳ ಒಣಗಿತು. ದಾರಿಯಲ್ಲಿ ಜಾಲಿ ಬೆಳೆಯಿತು. ನನಗೆ ಮಾತ್ರ ಹನ್ನೆರಡನೇ ಬೋರ್ಡಿನ ಫೋಟೋದಿಂದ ಆರೇಳು ಶಾಲೆಯ ಗೋಡೆಗಳು ಸಿಕ್ಕವು. ಒಂದು ಕಡೆ ಶಾಲು ಹೊದಿಸಿ ಪಕ್ಷಿಪ್ರೇಮಿ ಎಂದು ಮೈಕಿನಲ್ಲಿ ಹೇಳಿದರು. ನಾನು ಶಾಲು ಹೊದ್ದುಕೊಂಡು ಕೈಮುಗಿದೆ.

ಎರಡು ವರ್ಷದ ಹಿಂದೆ ಬಲಗೈ ನಡುಗಲು ಶುರುವಾಯಿತು. ಗೆರೆ ನಿಲ್ಲುತ್ತಿರಲಿಲ್ಲ. ಕೆಲಸ ಬಿಟ್ಟೆ. ಮಾಡಿದ ಕೆಲಸಗಳೆಲ್ಲ ಒಂದೊಂದಾಗಿ ಮಾಸುತ್ತಿರುವಾಗ ಆ ಎರಡು ಬಾಣ ಮಾತ್ರ ಕಣ್ಣ ಮುಂದೆ ನಿಲ್ಲುತ್ತಿದ್ದವು. ಹೊಸಬರಿಗೆ ಹೇಳುವುದಾದರೆ ಇಷ್ಟು ಹೇಳುತ್ತೇನೆ. ಬರೆಯುವ ಮೊದಲು, ಇದನ್ನು ಓದಿ ಯಾರು ಎಲ್ಲಿಗೆ ಹೋಗುತ್ತಾರೆ ಎಂದು ಯೋಚಿಸಿ. ಬಣ್ಣ ತಿದ್ದಬಹುದು, ಆದರೆ ಓದಿಕೊಂಡು ಹೋದವನನ್ನು ಹಿಂದಕ್ಕೆ ಕರೆಯಲು ಬರುವುದಿಲ್ಲ. ಮತ್ತೆ, ಯಾರಾದರೂ ನಂಬಿ ಒಂದು ಜಾಗ ತೋರಿಸಿದರೆ ನೋಡಿ ಸುಮ್ಮನಿರಿ.

ಕಳೆದ ಕಾರ್ತಿಕದಲ್ಲಿ ಕೊನೆಗೂ ಅವನ ಊರಿಗೆ ಹೋದೆ. ಮನೆಯ ಮುಂದೆ ಕೆಂಪಮ್ಮ ರಾಗಿ ಕೇರುತ್ತಿದ್ದಳು. ನನ್ನನ್ನು ನೋಡಿ ಮೊರ ಕೆಳಗಿಟ್ಟು ಒಳಕ್ಕೆ ಮುಖ ಮಾಡಿ ಹೇಳಿದಳು. "ಯಾರ್ ಬಂದವ್ರೆ ನೋಡು. ಡಿಸೈನು ಬರೆಯೋರು."

ಆಗಲೇ ಗೊತ್ತಾಯಿತು, ಇವರಿಗೆ ಎಲ್ಲ ಗೊತ್ತಿದೆ ಎಂದು. ಅಲ್ಲಿಂದಲೇ ಹಿಂತಿರುಗಿಬಿಡೋಣ ಎನ್ನಿಸಿತು. ಮೂಡ್ಲಗಿರಿಯಪ್ಪ ಹೊರಗೆ ಬಂದ. ಕೂದಲು ಪೂರ್ತಿ ಬೆಳ್ಳಗಾಗಿತ್ತು. "ಬಾ ಅಣ್ಣ, ಕುಂತ್ಕ," ಎಂದು ಜಗುಲಿಯ ಮೇಲೆ ಚಾಪೆ ಹಾಸಿದ. ಕೆಂಪಮ್ಮ ಟೀ ಮಾಡಲು ಒಳಗೆ ಹೋದಳು.

ಬಸ್ಸಿನಲ್ಲಿ ಜೋಡಿಸಿಕೊಂಡು ಬಂದಿದ್ದ ಮಾತೆಲ್ಲ ಮರೆತುಹೋಗಿತ್ತು. "ಮೂಡ್ಲಪ್ಪ, ಆ ಬಾಣ ಬಂಡೆ ಕಡೆ ಬರೆದಿದ್ದೂ ನಾನೇ, ಅವತ್ತು ತಿರುಗಿಸಿದ್ದೂ ನಾನೇ," ಎಂದೆ.

"ಗೊತ್ತು ಬುಡಣ್ಣ. ಅವತ್ತೇ ಗೊತ್ತು. ಸಾಹೇಬ್ರಿಗೆ ಬಂಡೆ ತೋರ್ಸೋವಾಗ ಬೋರ್ಡ್ ಮ್ಯಾಲೆ ಕೈ ಇಕ್ಕಿದ್ದೆ. ಬೆರಳಿಗೆ ಹಸಿ ಬಣ್ಣ ಅಂಟ್ಕಂತು. ಯಾರ್ಗೂ ಕಾಣ್ದಂಗೆ ಕೈನ ಜೋಬಿಗೆ ಇಕ್ಕಂಡೆ."

"ಮತ್ತೆ ಯಾಕಪ್ಪ ಹೇಳ್ಲಿಲ್ಲ? ಹೇಳಿದ್ರೆ ನಿನ್ನ ಮೇಲೆ ಅಪವಾದ ಬರ್ತಿರ್ಲಿಲ್ಲ."

"ನೀನೇ ಯೋಳ್ತೀಯ ಅಂತ ಕಾದೆ," ಎಂದ. "ಮೂರು ದಿನ ಆ ಬೆಂಚ್ ಮ್ಯಾಲೆ ಅದನ್ನೇ ಕಾಯ್ತಾ ಕುಂತಿದ್ದೆ. ನೀನು ಬಂದೆ, ಒಳಕ್ಕೆ ಹೋದೆ. ಈಗ ಯೋಳ್ತಾನೆ ಅಂದ್ಕಂಡೆ. ಪುಸ್ತಕ ನೋಡಿ ಬರ್ದೆ ಅಂದೆ ನೀನು."

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಸುಲಭವಾಗುತ್ತಿತ್ತು. ಕೆಂಪಮ್ಮ ಟೀ ತಂದು ನನ್ನ ಮುಂದೆ ಇಟ್ಟಳು. "ನಲ್ಲಿ ತಾವ ನೀರಿಗೆ ನಿಂತ್ರೆ ಗೂಬೆ ಮಾರಿದೋರ ಮನೆಯೋಳು ಅಂತಿದ್ರು ಕಣಪ್ಪ. ನನ್ನ ಕಿವಿಗೆ ಬೀಳ್ಲಿ ಅಂತಾನೇ ಅಂತಿದ್ರು," ಎಂದು ಹೇಳಿ ಮತ್ತೆ ಮೊರ ಹಿಡಿದಳು. ನಾನು ತಲೆ ತಗ್ಗಿಸಿ ಕೂತೆ. ಕಣ್ಣೀರು ಬಂತು, ಒರೆಸಿಕೊಳ್ಳಲೂ ನಾಚಿಕೆಯಾಯಿತು.

"ನಾಳೆನೇ ಊರವರನ್ನ ಸೇರ್ಸು," ಎಂದೆ. "ಅರಳಿಕಟ್ಟೆ ಹತ್ರ ನಿಂತು ಎಲ್ಲರ ಮುಂದೆ ಹೇಳ್ತೀನಿ. ಬಾಣ ಬರೆದಿದ್ದು ನಾನು, ಮೂಡ್ಲಪ್ಪಂದು ತಪ್ಪಿಲ್ಲ ಅಂತ. ಸಾಹೇಬ್ರಿಗೂ ಬರೆದುಕೊಡ್ತೀನಿ."

ಅವನು ಬೇಡವೆಂದು ತಲೆಯಾಡಿಸಿದ. "ಈಗ ಅದನ್ನ ಎತ್ತಿದ್ರೆ ಮತ್ತೆ ಎಲ್ರ ಬಾಯಾಗೂ ಬಂಡೆ, ಗುಮ್ಮ ಅಂತ ಶುರುವಾಯ್ತದೆ. ಯಾವ ಬಂಡೆ ಅಂತ ಮತ್ತೆ ನೋಡಕ್ಕೆ ಹೊಂಡ್ತಾರೆ. ನನ್ನ ಹೆಸ್ರು ಹೋಗಿದ್ದು ಹೋಯ್ತು. ಸುಮ್ಕಿರು."

"ಸುಮ್ಕಿರೋಕೆ ಗೂಬೆಗಳೇ ಇಲ್ವಲ್ಲ ಅಲ್ಲಿ?" ಎಂದು ಕೇಳಿದವನು, ಅವನ ಮುಖ ನೋಡಿ ತಡೆದೆ. "ಮತ್ತೆ ಬಂದಿವೆಯಾ?"

ಅವನು ಅವತ್ತು ಮೊದಲ ಸಲ ನಕ್ಕ. "ಬಂದವೆ. ಜೋಡಿ. ಹೋದ ವಾರದಿಂದ ಕೂಗ್ತಾವೆ."

"ಅದೇ ಬಂಡೆಗಾ?"

ಮೂಡ್ಲಗಿರಿಯಪ್ಪ ಟೀ ಲೋಟ ಕೆಳಗಿಟ್ಟ.

"ಅದನ್ನ ನಿಂಗೆ ಯೋಳಲ್ಲ ಕಣಣ್ಣ," ಎಂದ.